ಅಂಗದಾನ: ನೋಂದಣಿಯೋ, ಮನೆಯವರಿಗೆ ಹೇಳಿಟ್ಟ ಮಾತೋ?

ಅಂಗದಾನಕ್ಕೆ ಹೆಸರು ನೋಂದಾಯಿಸಬೇಕೇ, ಮನೆಯವರಿಗೆ ಹೇಳಿಟ್ಟರೆ ಸಾಲದೇ ಎಂದು ತೀರ್ಥಹಳ್ಳಿಯ ಬಂಧುವೊಬ್ಬರು ಕೇಳಿದ್ದಾರೆ. ಎರಡಕ್ಕೂ ಖರ್ಚಿಲ್ಲ, ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಆನ್‌ಲೈನ್ ಮೂಲಕವೇ ನೋಂದಾಯಿಸಬಹುದು.

ಸಮ್ಮತಿಯ ಬಲ ನೋಡುವುದಾದರೆ, 1994ರ ಅಂಗಾಂಗ ಕಸಿ ಕಾಯ್ದೆ ಇಬ್ಬರು ಸಾಕ್ಷಿಗಳ ಎದುರು ಬರೆದುಕೊಟ್ಟ ಇಚ್ಛೆಯನ್ನು ಮಾನ್ಯ ಮಾಡುತ್ತದೆ. ಆದರೂ ಆಸ್ಪತ್ರೆಯವರು ಹತ್ತಿರದ ಬಂಧುಗಳ ಒಪ್ಪಿಗೆ ಕೇಳಿಯೇ ಮುಂದುವರಿಯುತ್ತಾರೆ; ಅವರು ಒಲ್ಲೆ ಎಂದರೆ ಬೀರುವಿನಲ್ಲಿಟ್ಟ ದಾನಿಯ ಕಾರ್ಡು ಅಲ್ಲಿಯೇ ಉಳಿಯುತ್ತದೆ. ಕಾರ್ಡಿಲ್ಲದಿದ್ದರೂ ಬಂಧುಗಳು ಒಪ್ಪಿ ಸಹಿ ಹಾಕಿದರೆ ದಾನ ನಡೆಯುತ್ತದೆ. ಈ ವಿಷಯದಲ್ಲಿ ಮಾತಿನ ತೂಕವೇ ಹೆಚ್ಚೆಂದು ನನಗನಿಸುತ್ತದೆ.

ಸಮಯದ ಲೆಕ್ಕ ಬೇರೆ. ಮಿದುಳು ನಿಷ್ಕ್ರಿಯವಾದಾಗ ಅದನ್ನು ಖಚಿತಪಡಿಸಲು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸುವುದರಿಂದ, ವೆಂಟಿಲೇಟರಿನಲ್ಲಿ ಎದೆ ಇನ್ನೂ ಏರಿಳಿಯುತ್ತಿರುವುದನ್ನು ಕಂಡು ಕಂಗೆಟ್ಟ ಮಕ್ಕಳಿಗೆ ಯೋಚಿಸಲು ಸ್ವಲ್ಪ ಅವಕಾಶವಿರುತ್ತದೆ. ಆಗ ಅಪ್ಪನ ಸಹಿಯಿರುವ ಕಾಗದ ದೊಡ್ಡ ಆಸರೆ. ನೇತ್ರದಾನ ಹಾಗಲ್ಲ. ಮನೆಯಲ್ಲೇ ತೀರಿಕೊಂಡರೂ ಕಣ್ಣು ಕೊಡಬಹುದು, ಆದರೆ ಆರು ಗಂಟೆಯೊಳಗೆ. ಮಳೆಗಾಲದಲ್ಲಿ ಆಗುಂಬೆಯ ಕಡೆಯ ಒಂಟಿಮನೆಗೆ ಶಿವಮೊಗ್ಗದಿಂದ ತಂಡ ಬರಬೇಕೆಂದರೆ, ರೆಪ್ಪೆ ಮುಚ್ಚಿ ಒದ್ದೆ ಹತ್ತಿಯಿಟ್ಟು, ಫ್ಯಾನ್ ನಿಲ್ಲಿಸಿ, ಕೂಡಲೇ ಫೋನ್ ಮಾಡುವವರು ಮನೆಯಲ್ಲಿರಬೇಕು.

ಮಕ್ಕಳು ದೂರದ ಊರಿನಲ್ಲಿದ್ದರೆ, ಅಣ್ಣತಮ್ಮಂದಿರಲ್ಲಿ ಒಮ್ಮತ ಕಷ್ಟವೆನಿಸಿದರೆ ನೋಂದಾಯಿಸಿ, ಅವರಲ್ಲೊಬ್ಬರನ್ನೇ ಸಾಕ್ಷಿ ಮಾಡಿಕೊಳ್ಳಿ. ಕೂಡುಕುಟುಂಬದಲ್ಲಿರುವ ಹಿರಿಯರು ಕಣ್ಣು ಕೊಡಬೇಕೆಂದಿದ್ದರೆ, ಊಟಕ್ಕೆ ಎಲ್ಲರೂ ಕೂತಾಗ ಸ್ಪಷ್ಟವಾಗಿ ಹೇಳಿ, ನೇತ್ರ ಭಂಡಾರದ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡುವುದು ಹೆಚ್ಚು ಉಪಯುಕ್ತ.