‘ಪ್ರೈವೇಟ್ ಬೀಚ್’ ನೋಡಿ ಅಡ್ವಾನ್ಸ್ ಕಳಿಸುವ ಮುಂಚೆ

ಬೇಸಿಗೆ ರಜೆಗೆ ಬೆಳಗಾವಿ ಕಡೆಯಿಂದ ಕಡಲಿಗೆ ಹೊರಟವರಿಗೆ ಒಂದು ಮಾತು. ‘ಪ್ರೈವೇಟ್ ಬೀಚ್, ಜನ ಇಲ್ಲ, ಗದ್ದಲ ಇಲ್ಲ’ ಅಂತ ಮೊಬೈಲ್‌ನಲ್ಲಿ ಫೋಟೊ ಕಳಿಸಿ ರೂಮು ಮಾರುತ್ತಾರೆ. ಅಲ್ಲಿ ಜನ ಯಾಕಿಲ್ಲ ಅಂತ ಮೊದಲು ಕೇಳಿ. ನಮಗೆ ಅದು ಗೊತ್ತಾಗಿದ್ದು ಅಕ್ಕನ ಮಗ ನೀರಿನಲ್ಲಿ ಕೊಚ್ಚಿ ಹೋಗುತ್ತಿದ್ದಾಗ.

ಗೋವಾ ದುಬಾರಿ ಆಗುತ್ತೆ, ಮಹಾರಾಷ್ಟ್ರದ ಸಿಂಧುದುರ್ಗ ಕಡೆ ಒಂದು ಹೋಮ್‌ಸ್ಟೇ ಇದೆ ಅಂತ ಏಜೆಂಟ್ ಒಬ್ಬರು ಹೇಳಿದರು. ಅರ್ಧ ಹಣ ಮುಂಗಡ. ಅವ್ವ, ಅಕ್ಕನ ಮನೆಯವರು, ನಾವು ಎಲ್ಲ ಸೇರಿ ಅಂಬೋಲಿ ಘಾಟ್ ಇಳಿದು ಸಾವಂತವಾಡಿ ಮೇಲೆ ಹೋದೆವು. ಕಟ್ಟಿಕೊಂಡಿದ್ದ ರೊಟ್ಟಿ, ಶೇಂಗಾ ಚಟ್ನಿ ಅಂಬೋಲಿಯಲ್ಲೇ ಖಾಲಿ.

ಫೋಟೊ ಸುಳ್ಳಲ್ಲ. ಬಿಸಿಲು, ತೆಂಗಿನ ಸಾಲು, ನೀಲಿ ನೀರು ಎಲ್ಲ ಇತ್ತು. ಫೋಟೊದಲ್ಲಿ ಬರದಂತೆ ನೋಡಿಕೊಂಡಿದ್ದು ಬಲಗಡೆಯ ಖಾಡಿಯನ್ನು. ಒಂದು ಹೊಳೆ ಅಲ್ಲೇ ಬಂದು ಸಮುದ್ರ ಸೇರುತ್ತದೆ. ಜೀವರಕ್ಷಕರಿಲ್ಲ, ಬಾವುಟ ಇಲ್ಲ, ಒಂದು ಎಚ್ಚರಿಕೆ ಫಲಕವೂ ಇಲ್ಲ. ಬಟ್ಟೆ ಬದಲಿಸಲು ಜಾಗ ಇಲ್ಲದೆ ಹೆಂಗಸರು ಸೀರೆ ಅಡ್ಡ ಹಿಡಿದುಕೊಳ್ಳಬೇಕಾಯಿತು. ನೀರಿಗೆ ಇಳಿಯಬಹುದಾ ಅಂತ ಮಾಲೀಕರನ್ನು ಕೇಳಿಯೇ ಇಳಿದೆವು. ಬಂದವರೆಲ್ಲ ಇಲ್ಲೇ ಆಡುತ್ತಾರೆ, ಏನೂ ಆಗಲ್ಲ ಅಂದರು.

ಅಕ್ಕನ ಮಗ ಗೋಕಾಕದವನು, ಘಟಪ್ರಭೆಯಲ್ಲಿ ಈಜಿ ಬೆಳೆದವನು. ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದ. ಆಗ ಇಳಿತದ ಹೊತ್ತು. ಉಬ್ಬರದಲ್ಲಿ ಖಾಡಿಯೊಳಗೆ ತುಂಬಿದ ನೀರು, ಮೇಲಿನಿಂದ ಬರುವ ಹೊಳೆ ನೀರು ಎರಡೂ ಇಳಿತದಲ್ಲಿ ಆ ಕಿರಿದಾದ ಬಾಯಿಂದಲೇ ಕಡಲಿಗೆ ನುಗ್ಗುತ್ತವೆ. ಮೇಲೆ ನೋಡಿದರೆ ಅಲೆಯೇ ಇಲ್ಲ, ಮಕ್ಕಳು ಆಡುವುದಕ್ಕೆ ಇದೇ ಒಳ್ಳೆಯದು ಅನ್ನಿಸುತ್ತದೆ. ಅವನ ಕಾಲಡಿಯ ಮರಳು ಜಾರಿತು. ನಮ್ಮ ಕಡೆಗೇ ಈಜುತ್ತಿದ್ದ, ಆದರೆ ದೂರವಾಗುತ್ತಲೇ ಹೋದ. ಹೊಳೆಯಲ್ಲಿ ಸೆಳವು ಎಷ್ಟೇ ಇರಲಿ, ಎರಡೂ ಕಡೆ ದಂಡೆ ಇರುತ್ತದೆ. ಕಡಲಿಗೆ ಇರುವುದು ಒಂದೇ ದಂಡೆ, ಈ ಸೆಳೆತ ಅದರಿಂದಲೇ ದೂರ ಒಯ್ಯುತ್ತದೆ. ಹೊಳೆಯಲ್ಲಿ ಈಜಿದ ಧೈರ್ಯ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಬಲೆ ಹೆಣೆಯುತ್ತಿದ್ದ ಮೀನುಗಾರರು ಏನೋ ಕೂಗಿದರು. ನನ್ನ ಹೆಂಡತಿಗೆ ಮರಾಠಿ ಬರುತ್ತದೆ. ಅವಳು ಅದನ್ನೇ ಕಿರುಚಿದಳು: “ಅಡ್ಡ ಈಸೋ! ನಮ್ಮ ಕಡೆ ಬರಬ್ಯಾಡ, ಅಡ್ಡ ಈಸು!” ದಂಡೆಗೆ ಸಮನಾಗಿ, ಖಾಡಿಯಿಂದ ಆಚೆ ಈಜು ಅಂತ. ಅವನು ಹಾಗೇ ತಿರುಗಿದ. ಅಷ್ಟರಲ್ಲಿ ದೋಣಿ ಅವನ ಹತ್ತಿರ ತಲುಪಿತ್ತು. ಎಳೆದು ಹಾಕಿಕೊಂಡರು. ಉಪ್ಪು ನೀರು ಕುಡಿದಿದ್ದ, ಬೇರೇನೂ ಆಗಲಿಲ್ಲ. ಆ ಮೀನುಗಾರರು ದುಡ್ಡು ಮುಟ್ಟಲಿಲ್ಲ. ಆ ಜಾಗಕ್ಕೆ ತಮ್ಮ ಮಕ್ಕಳನ್ನೂ ಬಿಡುವುದಿಲ್ಲ ಅಂದರು. ಅಂದರೆ ಇಡೀ ಊರಿಗೆ ಗೊತ್ತಿದ್ದ ವಿಷಯ!

ಮಾಲೀಕರ ಉತ್ತರ ಕೇಳಿ. ರಿಜಿಸ್ಟರ್‌ನಲ್ಲಿ ಸಹಿ ಹಾಕಿದ್ದೀರಿ, ಕಡಲಿನ ಜವಾಬ್ದಾರಿ ನಿಮ್ಮದೇ ಅಂತ ಅದರಲ್ಲಿ ಬರೆದಿದೆ! ಬೀಚ್ ತೋರಿಸಿ ದುಡ್ಡು ತಗೊಳ್ಳುವಾಗ ಅದು ಅವರದು, ಹುಡುಗ ಮುಳುಗುವಾಗ ನಮ್ಮದು. ಉಳಿದ ದಿನಗಳ ಬಾಡಿಗೆಯೂ ವಾಪಸ್ ಬರಲಿಲ್ಲ. ಏಜೆಂಟ್ ಈಗ ಫೋನ್ ಎತ್ತುವುದಿಲ್ಲ. ಅಲ್ಲಾ, ಉಬ್ಬರ ಬಂದು ಹೋಗುವ ಮರಳು ಹೋಮ್‌ಸ್ಟೇಯವರ ಸ್ವತ್ತು ಹೇಗಾಗುತ್ತದೆ? ‘ಪ್ರೈವೇಟ್’ ಅಂದರೆ ಅಲ್ಲಿ ಕಾಯುವವರು ಯಾರೂ ಇಲ್ಲ ಅಂತಷ್ಟೇ.

ಮಳೆಗಾಲ ಬಿಟ್ಟು ಹೋದರೆ ಸಾಕು ಅನ್ನುವವರು ನಮ್ಮಲ್ಲಿ ಜಾಸ್ತಿ. 2017ರ ಏಪ್ರಿಲ್‌ನಲ್ಲಿ ಮಾಲ್ವಣ ಹತ್ತಿರದ ವಾಯರಿಯಲ್ಲಿ ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜೊಂದರಿಂದ ಪ್ರವಾಸಕ್ಕೆ ಹೋದ ಎಂಟು ಜನ ಮುಳುಗಿ ಸತ್ತರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ಹೋದರು. ಎರಡೂ ಮಳೆಗಾಲವಲ್ಲ.

ನೀರಿಗೆ ಇಳಿಯಲೇಬೇಕು ಅಂತಿದ್ದರೆ ಜೀವರಕ್ಷಕರು ಇರುವ ಕಡೆ ಹೋಗಿ, ಗದ್ದಲ ಇದ್ದರೂ ಪರವಾಗಿಲ್ಲ. ಗೋವಾದ ದೊಡ್ಡ ಬೀಚ್‌ಗಳಲ್ಲಿ ಅವರಿದ್ದಾರೆ. ಕೆಂಪು-ಹಳದಿ ಬಾವುಟಗಳ ನಡುವೆ ಇಳಿಯಬಹುದು, ಬರೀ ಕೆಂಪು ಇದ್ದರೆ ಇಳಿಯಬಾರದು. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಬೀಚ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಗೆ ಜೀವರಕ್ಷಕರು, ಶೌಚಾಲಯ ಎಲ್ಲ ಕಡ್ಡಾಯ. ವಿಜಯಪುರ, ಬಾಗಲಕೋಟೆಯವರು ಹುಬ್ಬಳ್ಳಿ, ಅಂಕೋಲಾ ಮೇಲೆ ಹೋಗಬಹುದು. ದೂರ ಜಾಸ್ತಿ, ನಿಜ. ಪಣಜಿಯ ಮೀರಾಮಾರ್ ಊರೊಳಗೇ ಇದೆ ಅಂತ ಧೈರ್ಯ ಬೇಡ, ಅದೂ ಮಾಂಡೋವಿ ಕಡಲು ಸೇರುವ ಜಾಗ. ಸಂಜೆ ಕೂತು ಭೇಲ್ ತಿನ್ನಲು ಚೆನ್ನಾಗಿದೆ.

ರೂಮು ಬುಕ್ ಮಾಡುವ ಮುಂಚೆ ಆ ಜಾಗವನ್ನು ಗೂಗಲ್ ಮ್ಯಾಪ್‌ನ ಉಪಗ್ರಹ ಚಿತ್ರದಲ್ಲಿ ನೋಡಿ. ಪಕ್ಕದಲ್ಲಿ ಹೊಳೆಯ ಬಾಯಿ ಕಂಡರೆ ಬೇಡ. ದಂಡೆಯಲ್ಲಿ ನಿಂತಾಗ ಬಿಳಿ ನೊರೆಯ ಅಲೆಗಳ ನಡುವೆ ಅಲೆ ಒಡೆಯದ, ಸ್ವಲ್ಪ ಕಪ್ಪಗಿನ ಪಟ್ಟೆ ಕಂಡರೆ ಅಲ್ಲಿ ಇಳಿಯಲೇಬೇಡಿ. ಹೆಚ್ಚಾಗಿ ಅಲ್ಲಿ ಆಳ ಜಾಸ್ತಿ, ನೀರು ಹಿಂದಕ್ಕೆ ಎಳೆಯುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ-ಇಳಿತ ದೊಡ್ಡದು, ಸೆಳೆತವೂ ಹೆಚ್ಚು. ಹೇಗೂ ಕ್ಯಾಲೆಂಡರ್ ನೋಡಿಯೇ ಮನೆ ಬಿಡುತ್ತೇವಲ್ವಾ, ಇದನ್ನೂ ನೋಡಿ.

ತುರ್ತಿಗೆ 112. ಕರಾವಳಿ ಕಾವಲು ಪಡೆಯ ನಂಬರ್ 1554. ನಾವಿದ್ದ ಕಡೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಅದನ್ನೂ ಮೊದಲೇ ಕೇಳಿಕೊಳ್ಳಿ.