ಮಾಡೆಲ್ 100 ಕಂಪ್ಯೂಟರಿನಲ್ಲಿ ಬುಲೆಟಿನ್ ಬೋರ್ಡ್ ನಡೆಸುವ ಮುಂಚೆ ಒಳಗಿನ ಪುಟ್ಟ ಬ್ಯಾಟರಿ ನೋಡಿ

ಬೆಳಿಗ್ಗೆ ನೋಡಿದರೆ ಪರದೆಯ ಮೇಲೆ ಯಂತ್ರದ ಜೊತೆ ಬಂದ ಪ್ರೋಗ್ರಾಂಗಳ ಐದೇ ಹೆಸರು: ಬೇಸಿಕ್, ಟೆಕ್ಸ್ಟ್, ಟೆಲ್‌ಕಾಮ್, ಅಡ್ರೆಸ್, ಶೆಡ್ಯೂಲ್. ಮೇಲಿನ ಸಾಲಿನಲ್ಲಿ 1900ರ ಜನವರಿ 1. ಕೆಳಗೆ 29638 ಬೈಟ್ ಖಾಲಿ. ಬೋರ್ಡಿನ ಪ್ರೋಗ್ರಾಂ ಇಲ್ಲ, ಸದಸ್ಯರ ಪಟ್ಟಿ ಇಲ್ಲ, ತಿಂಗಳುಗಟ್ಟಲೆ ಜನ ಬರೆದಿಟ್ಟ ಒಂದು ಸಂದೇಶವೂ ಇಲ್ಲ. ಟಿಆರ್‌ಎಸ್-80 ಮಾಡೆಲ್ 100ರಲ್ಲಿ ಡಯಲ್-ಅಪ್ ಬುಲೆಟಿನ್ ಬೋರ್ಡ್, ಅಂದರೆ ಜನ ತಮ್ಮ ಕಂಪ್ಯೂಟರಿನಿಂದ ಫೋನ್ ಕರೆ ಮಾಡಿ ಸಂದೇಶ ಓದಿ ಬರೆಯುವ ಜಾಗ, ನಡೆಸಲು ಹೊರಟವರಿಗೆ ಈ ಎಚ್ಚರಿಕೆ. ಹೀಗೆ ಹೋದದ್ದನ್ನು ವಾಪಸ್ ತರುವ ದಾರಿ ಯಾವುದೂ ಇಲ್ಲ.

ಇದು 1983ರ ಯಂತ್ರ. ಜಪಾನಿನ ಕ್ಯೋಸೆರಾ ತಯಾರಿಸಿತು, ಅಮೆರಿಕದಲ್ಲಿ ರೇಡಿಯೊ ಶ್ಯಾಕ್ ಮಾರಿತು; ಎನ್‌ಇಸಿ ಪಿಸಿ-8201ಎ, ಒಲಿವೆಟ್ಟಿ ಎಂ10 ಇದರ ಒಡಹುಟ್ಟಿದವು. ಸಾಲಿಗೆ 40 ಅಕ್ಷರದಂತೆ 8 ಸಾಲಿನ ಪರದೆ, ಹೆಚ್ಚೆಂದರೆ 32ಕೆ (ಕಿಲೊಬೈಟ್) ಮೆಮೊರಿ, ನಾಲ್ಕು ಎಎ ಸೆಲ್. ಡಿಸ್ಕ್ ಇಲ್ಲ. ಬರೆದದ್ದೆಲ್ಲ ಮೆಮೊರಿಯಲ್ಲೇ ಕೂತಿರುತ್ತದೆ. ಎಎ ಸೆಲ್ ಮತ್ತು ಅಡಾಪ್ಟರ್ ಎರಡೂ ಕೈಕೊಟ್ಟಾಗ ಆ ಮೆಮೊರಿಯನ್ನು ಬದುಕಿಸಿ ಇಡುವುದು ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕಿದ 3.6 ವೋಲ್ಟಿನ ಒಂದು ಚಿಕ್ಕ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿ. ಹೊಸದಿದ್ದಾಗ ಅದು 32ಕೆ ಮೆಮೊರಿಯನ್ನು ಸುಮಾರು 8 ದಿನ ಕಾಯುತ್ತಿತ್ತು. ಈಗ ಅದಕ್ಕೆ ನಲವತ್ತು ವರ್ಷ. ಈಗ ಅದು ಅಷ್ಟು ದಿನ ಕಾಯುತ್ತದೆ ಎಂದು ನಂಬುವಂತಿಲ್ಲ.

ಅನಾಹುತ ಆಗುವ ಕ್ರಮ ಹೀಗೆ. ಬೋರ್ಡ್ ಹಗಲು ರಾತ್ರಿ ಅಡಾಪ್ಟರಿನ ಮೇಲೆ ಓಡುತ್ತಿರುತ್ತದೆ. ಎಎ ಸೆಲ್‌ಗಳನ್ನು ಹಾಕಿಟ್ಟು ಆರು ತಿಂಗಳಾದರೂ ಯಾರೂ ನೋಡಿರುವುದಿಲ್ಲ, ಅವು ಒಳಗೇ ಸೋರಿರುತ್ತವೆ. ಒಂದು ರಾತ್ರಿ ಕರೆಂಟು ಹೋಗುತ್ತದೆ. ಎಎಯಲ್ಲಿ ಜೀವ ಇಲ್ಲ, ಒಳಗಿನ ಬ್ಯಾಟರಿಯಲ್ಲೂ ಇಲ್ಲ. ಬ್ಯಾಟರಿ ಕಂಪ್ಯೂಟರ್ ತಾನೇ, ಕರೆಂಟು ಹೋದರೆ ಏನಾಗುತ್ತದೆ ಎಂಬ ಧೈರ್ಯವೇ ಇಲ್ಲಿ ಮೋಸ ಮಾಡುವುದು.

ಪರೀಕ್ಷೆ ಸುಲಭ, ಬುಲೆಟಿನ್ ಬೋರ್ಡ್ ಶುರು ಮಾಡುವ ಮುಂಚೆಯೇ ಮಾಡಿ. ಎರಡು ದಿನ ಅಡಾಪ್ಟರ್ ಹಾಕಿಟ್ಟು ಚಾರ್ಜ್ ಆಗಲು ಬಿಡಿ. ಬೇಡದ ಒಂದು ಫೈಲ್ ಮಾಡಿ, ಯಂತ್ರ ಆಫ್ ಮಾಡಿ, ಅಡಾಪ್ಟರ್ ಕಿತ್ತು, ಎಎ ಸೆಲ್‌ಗಳನ್ನೂ ಹೊರಗೆ ತೆಗೆಯಿರಿ. 24 ಗಂಟೆ ಬಿಟ್ಟು ಸೆಲ್ ಹಾಕಿ ನೋಡಿ. ಫೈಲ್ ಇಲ್ಲದಿದ್ದರೆ ಬ್ಯಾಟರಿ ಬದಲಿಸಲೇಬೇಕು. ಅದೇ ಅಳತೆಯ 3.6 ವೋಲ್ಟಿನ, ಸರ್ಕ್ಯೂಟ್ ಬೋರ್ಡಿಗೆ ಬೆಸೆಯುವ ಕಾಲುಗಳಿರುವ ನಿಕೆಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಸಿಗುತ್ತದೆ, ಅದನ್ನೇ ಹಾಕಿ. ಚಾರ್ಜ್ ಆಗದ ಲಿಥಿಯಂ ಸೆಲ್ಲನ್ನು ಆ ಜಾಗಕ್ಕೆ ಎಂದೂ ಬೆಸೆಯಬೇಡಿ. ಯಂತ್ರ ಅದಕ್ಕೂ ಚಾರ್ಜ್ ತುಂಬಲು ಹೋಗುತ್ತದೆ, ಸೆಲ್ ಒಡೆಯಬಹುದು. ಹಳೆಯದನ್ನು ಬಿಚ್ಚಿದಾಗ ಸುತ್ತಲಿನ ತಾಮ್ರದ ಗೆರೆಗಳು ಹಸಿರುಗಟ್ಟಿದ್ದರೆ ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಿ, ಗೆರೆ ಎಲ್ಲೂ ತುಂಡಾಗಿಲ್ಲ ಎಂದು ಮೀಟರಿನಲ್ಲಿ ನೋಡಿಕೊಳ್ಳಿ.

ಯಂತ್ರದ ಅಡಿಯಲ್ಲಿ ಮೆಮೊರಿ ಪವರ್ ಎಂಬ ಸಣ್ಣ ಸ್ವಿಚ್ಚೂ ಇದೆ. ಅದು ಆಫ್ ಆದರೆ ಹೊಸ ಬ್ಯಾಟರಿ ಇದ್ದೂ ಉಪಯೋಗವಿಲ್ಲ. ಆನ್ ಮಾಡಿ ಮೇಲೆ ಟೇಪ್ ಅಂಟಿಸಿ.

ಅಡಾಪ್ಟರಿನಲ್ಲಿ ಸುಟ್ಟ ಯಂತ್ರಗಳೂ ಕಡಿಮೆಯಿಲ್ಲ. ಇದಕ್ಕೆ ಬೇಕಾದದ್ದು 6 ವೋಲ್ಟ್ ಡಿಸಿ, 400 ಮಿಲಿಆಂಪ್, ಪಿನ್ನಿನ ನಡುವೆ ನೆಗೆಟಿವ್. ಇವತ್ತು ಅಂಗಡಿಯಲ್ಲಿ ಸಿಗುವ ಬಹುತೇಕ ಅಡಾಪ್ಟರುಗಳಲ್ಲಿ ನಡುವೆ ಪಾಸಿಟಿವ್. ಪಿನ್ ಸರಿಯಾಗಿ ಕೂತಿತು ಅಂತ ಚುಚ್ಚಬೇಡಿ, ಮೊದಲು ಮೀಟರ್ ಹಿಡಿಯಿರಿ. ಅಮೆರಿಕದಿಂದ ಯಂತ್ರದ ಜೊತೆ ಬಂದ ಮೂಲ ಅಡಾಪ್ಟರ್ 120 ವೋಲ್ಟಿನದು. ಬೆಂಗಳೂರಿನ 230 ವೋಲ್ಟಿಗೆ ಅದನ್ನು ನೇರವಾಗಿ ಹಾಕಿದರೆ ಅಲ್ಲಿಗೇ ಮುಗಿಯಿತು.

ಇನ್ನು ಮೋಡೆಮ್, ಅಂದರೆ ಕಂಪ್ಯೂಟರನ್ನು ಫೋನ್ ಸಾಲಿಗೆ ಜೋಡಿಸುವ ಸಾಧನ. ಒಳಗೇ 300 ಬಾಡಿನ (ಸೆಕೆಂಡಿಗೆ 300 ಬಿಟ್ ವೇಗದ) ಮೋಡೆಮ್ ಇದೆಯಲ್ಲ ಎಂದು ಅದನ್ನೇ ನಂಬಿ ಬೋರ್ಡ್ ಕಟ್ಟಬೇಡಿ. ಅದು ಕರೆ ಮಾಡಲು ಮಾಡಿದ್ದು, ತಾನಾಗಿ ಕರೆ ಎತ್ತಿಕೊಳ್ಳುವುದಿಲ್ಲ. ಹೊರಗಿನ ಹೇಯ್ಸ್ ಮಾದರಿಯ ಮೋಡೆಮ್ ಬೇಕು. ಅದಕ್ಕೆ ಕೊಡುವ ಆಜ್ಞೆಗಳು: ತಾನೇ ಉತ್ತರಿಸಲು ಎಸ್0=1, ಎಕೋ ನಿಲ್ಲಿಸಲು ಇ0, ಉತ್ತರದ ಮಾತುಗಳನ್ನು ನಿಲ್ಲಿಸಲು ಕ್ಯೂ1. ಕೊನೆಯ ಎರಡನ್ನು ಮರೆತರೆ, ಸಾಲಿನಲ್ಲಿ ಯಾರೂ ಇಲ್ಲದಾಗ ನಿಮ್ಮ ಪ್ರೋಗ್ರಾಂ 'ಹೆಸರೇನು' ಎಂದು ಕೇಳಿದ್ದನ್ನೇ ಮೋಡೆಮ್ ತಿರುಗಿಸಿ ಹೇಳುತ್ತದೆ. ಪ್ರೋಗ್ರಾಂ ಅದನ್ನು ಯಾರದೋ ಉತ್ತರ ಎಂದು ತಿಳಿಯುತ್ತದೆ. ರಾತ್ರಿಯಿಡೀ ಎರಡೂ ಮಾತಾಡಿಕೊಂಡು ಮೆಮೊರಿ ತುಂಬಿಸಿಬಿಡುತ್ತವೆ. ಭಾರತದಲ್ಲಿ ಕೊಂಡ ಮೋಡೆಮ್‌ಗಳಿಂದ ಕರೆ ಬರುವುದಿದ್ದರೆ 300 ಬಾಡಿಗೆ ವಿ.21 ಸ್ವರಗಳು ಬೇಕು, ಅಂದರೆ ಬಿ0. ಅಮೆರಿಕದ ಮೋಡೆಮ್‌ಗಳು ಬೆಲ್ 103ರ ಸ್ವರದಲ್ಲಿ ಹಾಡುತ್ತವೆ, ಅದಕ್ಕೆ ಬಿ1. ಎರಡರ ಸ್ವರ ಬೇರೆ ಬೇರೆ, ಒಂದಕ್ಕೊಂದು ಕೇಳಿಸುವುದೇ ಇಲ್ಲ.

ಸಂದೇಶ ಕಳೆದುಕೊಳ್ಳುವುದರಷ್ಟೇ ಅಪಾಯದ ಇನ್ನೊಂದು ಸಂಗತಿ ಕ್ಯಾರಿಯರ್, ಅಂದರೆ ಕರೆ ಇರುವಷ್ಟು ಹೊತ್ತು ಎರಡು ಮೋಡೆಮ್‌ಗಳ ನಡುವೆ ಸಾಲಿನಲ್ಲಿ ಇರುವ ಸ್ವರ. ಮಾಡೆಲ್ 100ರ ಆರ್‌ಎಸ್-232 ಸಾಕೆಟ್ಟಿನಲ್ಲಿ (ಹೊರಗಿನ ಮೋಡೆಮ್ ಜೋಡಿಸುವುದು ಇದಕ್ಕೇ) 8ನೇ ಪಿನ್, ಅಂದರೆ ಕ್ಯಾರಿಯರ್ ಡಿಟೆಕ್ಟ್, ಜೋಡಿಸಿಯೇ ಇಲ್ಲ. ಕರೆ ಮಾಡಿದವರು ಮಧ್ಯದಲ್ಲೇ ಫೋನ್ ಇಟ್ಟರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ; ಬೋರ್ಡಿನ ಪ್ರೋಗ್ರಾಂ ಬರೆದ ಭಾಷೆ ಬೇಸಿಕ್ ಒಂದು ಅಕ್ಷರಕ್ಕಾಗಿ ಕಾದೇ ಕೂತಿರುತ್ತದೆ. ಮೋಡೆಮ್ ಮಾತ್ರ ಮುಂದಿನ ಕರೆ ಎತ್ತುತ್ತದೆ. ಹೊಸದಾಗಿ ಬಂದವರು ಹೆಸರು, ಗುಪ್ತಪದ ಏನೂ ಕೊಡದೆ ಹಿಂದಿನವರ ಜಾಗದಲ್ಲೇ ಕೂರುತ್ತಾರೆ. ಹಿಂದಿನವರು ಬೋರ್ಡಿನ ಒಡೆಯರೇ ಆಗಿದ್ದರೆ, ಬಂದವರ ಕೈಗೆ ಅಳಿಸುವ ಅಧಿಕಾರವೂ ಸಿಕ್ಕಿತು.

ಪರಿಹಾರ ಒಂದೇ ತಂತಿ. ಕೇಬಲ್ಲಿನಲ್ಲಿ 2, 3, 4, 5, 7, 20 ನೇರವಾಗಿ ಹೋಗಲಿ. ಮೋಡೆಮ್ ಕಡೆಯ 6ನ್ನು ಬಿಟ್ಟುಬಿಡಿ. ಮೋಡೆಮ್ ಕಡೆಯ 8ನ್ನು ಕಂಪ್ಯೂಟರ್ ಕಡೆಯ 6ಕ್ಕೆ, ಅಂದರೆ ಮೋಡೆಮ್ ಸಿದ್ಧವೇ ಎಂದು ನೋಡುವ ಡಿಎಸ್‌ಆರ್‌ಗೆ, ಬೆಸೆಯಿರಿ. ಮೋಡೆಮ್‌ಗೆ &ಸಿ1 ಮತ್ತು &ಡಿ2 ಕೊಟ್ಟು &ಡಬ್ಲ್ಯುನಿಂದ ಉಳಿಸಿ. ಹಳೆಯ ಸ್ಮಾರ್ಟ್‌ಮೋಡೆಮ್ 1200ರಲ್ಲಿ ಇದೇ ಕೆಲಸಕ್ಕೆ ಮುಂಭಾಗದ ಫಲಕ ತೆಗೆದರೆ ಸ್ವಿಚ್‌ಗಳಿವೆ: 1 ಮತ್ತು 6 ಎರಡೂ ಮೇಲಕ್ಕಿರಬೇಕು. ಆಮೇಲೆ ಬೇಸಿಕ್‌ನಲ್ಲಿ ಐಎನ್‌ಪಿ(187), ಅಂದರೆ ಆ ಪಿನ್‌ಗಳ ಸ್ಥಿತಿ ಹೇಳುವ ಸಂಖ್ಯೆ, ಓದಿ: ಕರೆ ಇರುವಾಗ ಒಮ್ಮೆ, ಇಲ್ಲದಾಗ ಒಮ್ಮೆ. ಮೇಲಿನ ಬಿಟ್‌ಗಳಲ್ಲಿ ಬದಲಾಗುವುದೇ ನಿಮ್ಮ ಕ್ಯಾರಿಯರ್. ಕಾಯುವ ಪ್ರತಿ ಸುತ್ತಿನಲ್ಲೂ ಅದನ್ನು ನೋಡಬೇಕು. ಅದಕ್ಕಾಗಿ ನೇರ ಇನ್‌ಪುಟ್ ಆಜ್ಞೆಯಲ್ಲಿ ಕಾಯದೆ, ಅಕ್ಷರ ಬಂದಾಗ ಮಾತ್ರ ಕೆಲಸ ಮಾಡುವ ಆನ್ ಕಾಮ್ ಗೋಸಬ್ ಮೂಲಕ ಅಕ್ಷರ ತೆಗೆದುಕೊಳ್ಳಿ. ಕ್ಯಾರಿಯರ್ ಬಿದ್ದ ಕೂಡಲೇ ಆ ಸಾಕೆಟ್ಟಿಗೆ ತೆರೆದಿಟ್ಟ ಕಾಮ್ ಫೈಲನ್ನು ಕ್ಲೋಸ್ ಮಾಡಿ. ಕಂಪ್ಯೂಟರ್ ಸಿದ್ಧ ಎನ್ನುವ ಡಿಟಿಆರ್ ಸಂಕೇತ ಬೀಳುತ್ತದೆ, ಮೋಡೆಮ್ ಸಾಲು ಬಿಡುತ್ತದೆ. ಮತ್ತೆ ತೆರೆದು ಮೊದಲಿನಿಂದ ಶುರು.

ಪ್ರೋಗ್ರಾಂ ಬರೆಯುವಾಗ ಮೊದಲ ಸಾಲು ಪವರ್ ಕಾಂಟ್ ಇರಲಿ. ಇಲ್ಲದಿದ್ದರೆ ಯಂತ್ರಕ್ಕೆ 10 ನಿಮಿಷ ಕೆಲಸವಿಲ್ಲದೆ ಕೂತರೆ ತಾನೇ ಆರುವ ಅಭ್ಯಾಸ ಇದೆ, ಆಮೇಲೆ ಕೈಯಿಂದಲೇ ಸ್ವಿಚ್ ಆಫ್ ಮಾಡಿ ಆನ್ ಮಾಡಬೇಕು. ಆನ್ ಮಾಡಿದಾಗ ಬೋರ್ಡ್ ತಾನಾಗಿ ಓಡುವಂತೆ ಐಪಿಎಲ್ ಆಜ್ಞೆಯಲ್ಲಿ ಪ್ರೋಗ್ರಾಂ ಹೆಸರು ಕೊಟ್ಟಿಡಿ. ಒಂದು ಸಾಲಿಗೆ 80 ಅಕ್ಷರ ಸಾಕು, ಹೆಚ್ಚಿನದನ್ನು ಬಿಸಾಡಿ: ಸಾಲಿನ ಗದ್ದಲದಲ್ಲಿ ಎಂಟರ್ ಇಲ್ಲದೆ ಕಸ ಬರುತ್ತಲೇ ಇದ್ದರೆ 255 ದಾಟಿದ ಕ್ಷಣ ಬೇಸಿಕ್ ದೋಷ ತೋರಿಸಿ ನಿಲ್ಲುತ್ತದೆ. ಕೋಡ್ 32ರಿಂದ 126ರವರೆಗಿನ ಅಕ್ಷರಗಳನ್ನಷ್ಟೇ ಫೈಲಿಗೆ ಬಿಡಿ. ಮುಖ್ಯವಾಗಿ 26ನ್ನು ಬಿಡಬಾರದು, ಟೆಕ್ಸ್ಟ್ ಫೈಲ್ ಮುಗಿಯಿತು ಎನ್ನುವ ಗುರುತು ಅದೇ.

ಜಾಗದ ಲೆಕ್ಕ ತುಂಬ ಬಿಗಿ. ಪ್ರೋಗ್ರಾಂ 7ಕೆ, ಅಕ್ಷರಗಳನ್ನು ಹಿಡಿದಿಡುವ ಸ್ಟ್ರಿಂಗ್ ಜಾಗ 1ಕೆ ಹೋದರೆ ಸಂದೇಶಕ್ಕೆ ಸುಮಾರು 20ಕೆ. ತಲಾ 400 ಬೈಟಿನಂತೆ ಐವತ್ತು ಸಂದೇಶ. ಎಲ್ಲವನ್ನೂ ಒಂದೇ ಫೈಲಿಗೆ ತುಂಬುವುದು ಸಹಜ, ಆದರೆ ಅದೇ ತಪ್ಪು. ಹಳೆಯ ಸಂದೇಶ ತೆಗೆಯಲು ಉಳಿದದ್ದನ್ನು ಹೊಸ ಫೈಲಿಗೆ ನಕಲು ಮಾಡಬೇಕಾಗುತ್ತದೆ. 18ಕೆ ಫೈಲ್ ಇದ್ದು, ಅದರಲ್ಲಿ 12ಕೆ ಉಳಿಸಬೇಕೆಂದರೆ ಆ ಹೊತ್ತಿಗೆ ಎರಡಕ್ಕೂ ಜಾಗ ಬೇಕು, ಅಷ್ಟು ಜಾಗ ಇಲ್ಲ. ನಕಲು ಅರ್ಧಕ್ಕೆ ನಿಲ್ಲುತ್ತದೆ. ಬದಲಿಗೆ 2ಕೆಯ ಎಂಟು ಫೈಲ್ ಮಾಡಿ, ತುಂಬಿದಾಗ ಅತಿ ಹಳೆಯ ಫೈಲನ್ನೇ ಇಡಿಯಾಗಿ ಕಿಲ್ ಆಜ್ಞೆಯಿಂದ ಅಳಿಸಿ. ನಿಮ್ಮ ಪಾಲಿಗೆ ಸಿಗುವುದು ಒಟ್ಟು 19 ಫೈಲ್, ಎಂಟು ಹೊರೆಯಾಗುವುದಿಲ್ಲ. ಎಫ್‌ಆರ್‌ಇ(0), ಅಂದರೆ ಉಳಿದ ಖಾಲಿ ಜಾಗ, 1500 ಬೈಟಿಗಿಂತ ಕೆಳಗಿಳಿದರೆ ಹೊಸ ಸಂದೇಶ ತೆಗೆದುಕೊಳ್ಳಬೇಡಿ, ಓದಲು ಮಾತ್ರ ಬಿಡಿ.

ಪ್ರತಿ ದಿನ ಹೊರಗೆ ಒಂದು ನಕಲು ಇರಲೇಬೇಕು. ಟ್ಯಾಂಡಿಯ 100ಕೆ ಪೋರ್ಟಬಲ್ ಡಿಸ್ಕ್ ಡ್ರೈವ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆ ಡ್ರೈವಿನಂತೆ ನಟಿಸುವ ಲ್ಯಾಡಿಆಲ್ಫಾದಂಥ ಪ್ರೋಗ್ರಾಂ ಇರುವ ಪಿಸಿ ಸಾಕು, ನಡುವೆ ಕಳಿಸುವ, ಪಡೆಯುವ ತಂತಿಗಳು ಅದಲುಬದಲಾದ ನಲ್-ಮೋಡೆಮ್ ಕೇಬಲ್ ಬೇಕು. ಡ್ರೈವಿಗೂ ಹೊರಗಿನ ಮೋಡೆಮ್‌ಗೂ ಇರುವುದು ಒಂದೇ ಆರ್‌ಎಸ್-232 ಸಾಕೆಟ್. ಹಾಗಾಗಿ ನಕಲು ಮಾಡುವಾಗ ಬೋರ್ಡ್ ಮುಚ್ಚಲೇಬೇಕು. ಬೆಳಗಿನ ಜಾವ ಒಂದು ಸಮಯ ಗೊತ್ತುಮಾಡಿ, ಸ್ವಾಗತದ ಸಾಲಿನಲ್ಲೇ ಅದನ್ನು ಹೇಳಿಬಿಡಿ.

ಬೋರ್ಡ್ ಸಿಕ್ಕಿಕೊಂಡು ಅಲುಗಾಡದಿದ್ದರೆ ಹಿಂದಿನ ರೀಸೆಟ್ ಗುಂಡಿಯನ್ನು ಮಾತ್ರ ಒತ್ತಿ. ಫೈಲ್‌ಗಳು ಸಾಮಾನ್ಯವಾಗಿ ಉಳಿಯುತ್ತವೆ. ಕಂಟ್ರೋಲ್ ಮತ್ತು ಬ್ರೇಕ್ ಹಿಡಿದುಕೊಂಡು ರೀಸೆಟ್ ಒತ್ತಿ ಎಂದು ಯಾರಾದರೂ ಹೇಳಿದರೆ ಕೈ ಹಿಂದೆ ತೆಗೆಯಿರಿ. ಅದು ಮೆಮೊರಿಯನ್ನು ಪೂರ್ತಿ ಒರೆಸುವ ವಿಧಾನ, ಮತ್ತೆ ಕಾಣುವುದು ಆ ಐದೇ ಹೆಸರು.