ಕಪ್ಪತಗುಡ್ಡದ ಗಿಡಗಳಿಗೆ ಅಂಗೈ ಸ್ಪೆಕ್ಟ್ರೋಮೀಟರ್: ಬಳಸಿ ಬರೆದ ವಿಮರ್ಶೆ

ಧಾರವಾಡದ ನಮ್ಮ ಸಸ್ಯಶಾಸ್ತ್ರ ವಿಭಾಗಕ್ಕೆ ತರಿಸಿಕೊಂಡ, ಅಂಗೈಯಲ್ಲಿ ಹಿಡಿಯುವ ನಿಯರ್ ಇನ್ಫ್ರಾರೆಡ್ ಸ್ಪೆಕ್ಟ್ರೋಮೀಟರನ್ನು ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಮಳೆಗಾಲ ಮತ್ತು ಬೇಸಿಗೆ ಎರಡರಲ್ಲೂ ಬಳಸಿದ್ದೇವೆ. 900ರಿಂದ 1700 ನ್ಯಾನೋಮೀಟರ್‌ವರೆಗಿನ ಅವಗೆಂಪು ಬೆಳಕನ್ನು ಎಲೆಯ ಮೇಲೆ ಹಾಯಿಸಿ, ಮರಳಿ ಬಂದ ಬೆಳಕಿನಲ್ಲಿ ಯಾವ ತರಂಗಾಂತರ ಎಷ್ಟು ಕುಗ್ಗಿದೆ ಎಂಬುದನ್ನು ಈ ಉಪಕರಣ ಕೆಲವೇ ಸೆಕೆಂಡುಗಳಲ್ಲಿ ದಾಖಲಿಸುತ್ತದೆ. ಆಮ್ಲಜನಕ, ಸಾರಜನಕ, ಇಂಗಾಲಗಳೊಡನೆ ಜಲಜನಕ ಬೆಸೆದ ಬಂಧಗಳು ತಂತಮ್ಮ ತರಂಗಾಂತರದಲ್ಲಿ ಬೆಳಕನ್ನು ಹೀರಿಕೊಳ್ಳುವುದರಿಂದ, ಎಲೆಯ ನೀರು, ಪ್ರೋಟೀನ್, ಟ್ಯಾನಿನ್ (ಒಗರು ಕೊಡುವ ವಸ್ತು), ನಾರುಗಳ ಪ್ರಮಾಣವನ್ನು ಅಂದಾಜಿಸಲು ಸಾಧ್ಯವಾಗುತ್ತದೆ.

ಇದರ ದೊಡ್ಡ ಗುಣವೆಂದರೆ, ಕನಿಷ್ಠ ನೀರಿನಂಶದ ಅಳತೆಗೆ ಎಲೆಯನ್ನು ಕೀಳಬೇಕಾಗಿಲ್ಲ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಗುಡ್ಡದಲ್ಲಿ ಔಷಧೀಯ ಸಸ್ಯಗಳನ್ನು ಪದೇ ಪದೇ ಕಿತ್ತು ಪರೀಕ್ಷಿಸುವುದು ಸಲ್ಲದ ಕೆಲಸ. ಟೊಂಗೆಗೆ ದಾರ ಕಟ್ಟಿ ಗುರುತಿಟ್ಟ ಅದೇ ಎಲೆಯನ್ನು ತಿಂಗಳು ಬಿಟ್ಟು ಮತ್ತೆ ಅಳೆಯಲು ಸಾಧ್ಯವಾಗಿರುವುದು ನನ್ನ ಮಟ್ಟಿಗೆ ಬಹಳ ದೊಡ್ಡ ಅನುಕೂಲ.

ಆದರೆ ಪರದೆಯ ಮೇಲೆ ಕಾಣುವ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ. ಉಪಕರಣದೊಂದಿಗೆ ಬರುವ ಕ್ಯಾಲಿಬ್ರೇಶನ್‌ಗಳು, ಎಂದರೆ ಮರಳಿದ ಬೆಳಕಿನ ದಾಖಲೆಯನ್ನು ನೀರು, ಪ್ರೋಟೀನ್ ಮುಂತಾದವುಗಳ ಪ್ರಮಾಣವಾಗಿ ಬದಲಿಸುವ ಲೆಕ್ಕಸೂತ್ರಗಳು, ಕಾಳುಕಡಿ ಮತ್ತು ಪಶು ಆಹಾರಕ್ಕೆಂದು ಸಿದ್ಧಪಡಿಸಿದವು. ಆವರಿಕೆ, ಬಂದರಿಕೆ, ದಿಂಡಿಗಗಳ ಎಲೆಗಳಿಗೆ ಅವು ಹೊಂದುವುದಿಲ್ಲ. ಆದರೂ ತಂತ್ರಾಂಶವು ಯಾವ ಎಚ್ಚರಿಕೆಯನ್ನೂ ಕೊಡದೆ ಎರಡು ದಶಮಾಂಶಗಳವರೆಗಿನ ಉತ್ತರವನ್ನು ತೋರಿಸುತ್ತದೆ. ಇದು ಈ ಉಪಕರಣದ ಗಂಭೀರ ದೋಷವೆಂದೇ ಹೇಳುತ್ತೇನೆ. ಗುಡ್ಡದ ಬೇರೆ ಬೇರೆ ಇಳಿಜಾರು, ಋತು, ಎಲೆಯ ವಯಸ್ಸುಗಳಿಂದ ಮಾದರಿಗಳನ್ನು ತಂದು, ಒಣಗಿಸಿ, ಪುಡಿ ಮಾಡಿ, ರಾಸಾಯನಿಕ ವಿಧಾನದಿಂದ ಅಳೆದು, ಆ ಅಂಕಿಗಳನ್ನು ರೋಹಿತದೊಡನೆ (ತರಂಗಾಂತರವಾರು ಬೆಳಕಿನ ದಾಖಲೆಯೊಡನೆ) ಹೊಂದಿಸಿದ ಮೇಲಷ್ಟೇ ನಮ್ಮದೇ ಆದ ಕ್ಯಾಲಿಬ್ರೇಶನ್ ಕೈಗೆ ಬರುತ್ತದೆ.

ಹಸಿ ಎಲೆಯಲ್ಲಿ ಇನ್ನೊಂದು ತೊಡಕಿದೆ. 1450 ನ್ಯಾನೋಮೀಟರ್ ಸುತ್ತ ನೀರು ಎಷ್ಟು ಬಲವಾಗಿ ಬೆಳಕನ್ನು ಹೀರುತ್ತದೆಯೆಂದರೆ, 1510ರ ಆಸುಪಾಸಿನಲ್ಲಿರುವ ಪ್ರೋಟೀನಿನ ಮಂದ ಗುರುತು ಅದರ ಅಂಚಿನಲ್ಲಿ ಮುಚ್ಚಿಹೋಗುತ್ತದೆ. ಹೀಗಾಗಿ ನೀರಿನಂಶಕ್ಕೆ ಹಸಿ ಎಲೆಯ ಅಳತೆಯನ್ನು ಒಪ್ಪುತ್ತೇನೆ. ಪ್ರೋಟೀನ್ ಮತ್ತು ಟ್ಯಾನಿನ್‌ಗೆ ಒಣ ಎಲೆಯ ಅಳತೆಯೇ ಬೇಕೆನ್ನುತ್ತೇನೆ. 2500ರವರೆಗೆ ಅಳೆಯುವ ಮೇಜಿನ ಉಪಕರಣಕ್ಕೆ ಪ್ರೋಟೀನಿನ ಇನ್ನೂ ಸ್ಪಷ್ಟವಾದ ಗುರುತುಗಳು ಸಿಗುತ್ತವೆ, ಆದರೆ ಅದನ್ನು ಹೊತ್ತು ಗುಡ್ಡ ಹತ್ತಲಾಗದು.

ಬಂದರಿಕೆಯ ಎಲೆಯಲ್ಲಿ ಅಂಟು ಇರುವುದರಿಂದ, ಒಂದೆರಡು ಎಲೆ ಒತ್ತುವಷ್ಟರಲ್ಲಿ ಉಪಕರಣದ ಬೆಳಕಿನ ಕಿಟಕಿಯ ಗಾಜಿನ ಮೇಲೆ ಹೊಳೆಯುವ ತೆಳುಪದರ ಕೂರುತ್ತದೆ, ಅದರ ಮೇಲೆ ಕೆಂಪು ಧೂಳು ಹತ್ತುತ್ತದೆ. ಆ ಧೂಳಿನಲ್ಲಿರುವ ಕಬ್ಬಿಣದ ಆಕ್ಸೈಡು 900ರ ಸುತ್ತ ತಾನೇ ಬೆಳಕನ್ನು ಹೀರುವುದರಿಂದ ರೋಹಿತದ ಮೊದಲ ತುದಿ ಕೆಡುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಗಾಜನ್ನು ಒರೆಸಿ, ಹೋಲಿಕೆಗೆಂದು ಬಳಸುವ ಬಿಳಿ ಫಲಕವನ್ನು ಮತ್ತೆ ಅಳೆದು ಮುಂದುವರಿಯಬೇಕು. ಬಿಸಿಲಿನಲ್ಲಿ ಉಪಕರಣ ಕಾದಂತೆ ಅಳತೆಯಲ್ಲಿ ಏರಿಳಿತ ಹೆಚ್ಚುತ್ತದೆ. ಮುಂಜಾನೆಯೇ ಕೆಲಸ ಮುಗಿಸುವುದು ಲೇಸು. ಬ್ಯಾಟರಿಯ ಬಗ್ಗೆ ದೂರಿಲ್ಲ.

ಲಕ್ಷಗಟ್ಟಲೆ ಹಣ ಕೊಟ್ಟು ಕೊಳ್ಳುವ ವಿಭಾಗಗಳು ಕ್ಯಾಲಿಬ್ರೇಶನ್ ಮಾದರಿಗಳಿಗಾಗಿ ಅರಣ್ಯ ಇಲಾಖೆಯ ಅನುಮತಿಯನ್ನೂ, ರಾಸಾಯನಿಕ ಪರೀಕ್ಷೆಯ ವೆಚ್ಚವನ್ನೂ ಮೊದಲೇ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು. ಅಳೆದ ಒಣ ಎಲೆಗಳನ್ನು ಎಸೆಯದೆ, ಕಾಗದದ ಲಕೋಟೆಗಳಲ್ಲಿ ಸಿಲಿಕಾ ಜೆಲ್‌ನೊಡನೆ ಜೋಪಾನವಾಗಿಟ್ಟರೆ, ಉಪಕರಣ ಬದಲಾದಾಗ ಅವನ್ನೇ ಮತ್ತೆ ಅಳೆದು ಹಳೆಯ ದಾಖಲೆಗೆ ಹೊಸದನ್ನು ಜೋಡಿಸಬಹುದು.